ಹಡೂಪ್‌ನಿಂದ ಐಸ್‌ಬರ್ಗ್‌ವರೆಗೆ: ಓಪನ್ ಸೋರ್ಸ್ ಡೇಟಾ ಪ್ಲಾಟ್‌ಫಾರಂಗಳಿಗೆ ಒಬ್ಬ ಅಡ್ಮಿನ್ ಕೊಡುವ ಅಂಕ

ಹಡೂಪ್ ಅಂದರೆ ಒಂದು ಮೆಷಿನ್‌ಗೆ ಹಿಡಿಸದಷ್ಟು ಡೇಟಾವನ್ನು ಹಲವು ಸರ್ವರ್‌ಗಳ ಗುಂಪಿನಲ್ಲಿ (ಗುಂಪಿಗೆ ಕ್ಲಸ್ಟರ್, ಒಂದೊಂದು ಸರ್ವರ್‌ಗೆ ನೋಡ್ ಅಂತ ಹೆಸರು) ಇಟ್ಟು ಲೆಕ್ಕ ಮಾಡುವ ಸಾಫ್ಟ್‌ವೇರ್. ಅದನ್ನೂ ಅದರ ಸುತ್ತಲಿನ ಟೂಲ್‌ಗಳನ್ನೂ ಸೇರಿಸಿ ಕಟ್ಟಿಕೊಟ್ಟರೆ ಅದು ಡಿಸ್ಟ್ರೋ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಅಂಕ ಹೇಳಿಬಿಡುತ್ತೇನೆ. ಹಾರ್ಟನ್‌ವರ್ಕ್ಸ್ ಕಂಪನಿಯ ಎಚ್‌ಡಿಪಿ ಡಿಸ್ಟ್ರೋಗೆ 5ಕ್ಕೆ 4, ಆದರೆ ಅದು ಈಗ ಸಿಗುವುದಿಲ್ಲ. ಕ್ಲೌಡೇರಾ ಕಂಪನಿಯ ಸಿಡಿಪಿ ಡಿಸ್ಟ್ರೋಗೆ 3.5, ದುಡ್ಡಿದ್ದವರಿಗೆ. ಅಂಬಾರಿ (ಕ್ಲಸ್ಟರ್ ನಡೆಸುವ ಟೂಲ್) ಮತ್ತು ಬಿಗ್‌ಟಾಪ್ (ಪ್ಯಾಕೇಜ್ ಕಟ್ಟುವ ಪ್ರಾಜೆಕ್ಟ್) ಜೋಡಿಗೆ 3. ಲೆಕ್ಕ ಮಾಡುವ ಸ್ಪಾರ್ಕ್, ಕ್ವೆರಿ ನಡೆಸುವ ಟ್ರಿನೊ, ಟೇಬಲ್ ರೂಪ ಕೊಡುವ ಐಸ್‌ಬರ್ಗ್ ತಂದು ನಾವೇ ಜೋಡಿಸಿಕೊಳ್ಳುವುದಕ್ಕೆ 4, ಆದರೆ ಆಫೀಸಿನಲ್ಲಿ ರಾತ್ರಿ ಫೋನ್ ಎತ್ತುವ ಇಬ್ಬರು ಮೂವರು ಗಟ್ಟಿ ಎಂಜಿನಿಯರ್‌ಗಳು ಇರಬೇಕು, ಇಲ್ಲದಿದ್ದರೆ 2.

ನಾನು ನೋಡಿಕೊಳ್ಳುವುದು ಸ್ವಂತ ಡೇಟಾ ಸೆಂಟರ್ ಇಟ್ಟುಕೊಂಡ ಹಣಕಾಸು ಕಂಪನಿಗಳ ಕ್ಲಸ್ಟರ್‌ಗಳನ್ನು. "ಇನ್ನೂ ಹಡೂಪಾ, ಸುಮ್ನೆ ಕ್ಲೌಡ್‌ಗೆ ಹೋಗಿ" ಅನ್ನುವವರು ತುಂಬಾ ಜನ ಇದ್ದಾರೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಪೇಮೆಂಟ್ ಡೇಟಾ ಭಾರತದಲ್ಲೇ ಇರಬೇಕು ಅಂತ ಆದೇಶ ಮಾಡಿತು. ಆ ಆದೇಶ ಕ್ಲೌಡ್ ಬೇಡ ಅಂತ ಹೇಳಿಲ್ಲ, ನಿಜ. ಆದರೂ ಆಡಿಟ್ ಕೂತಾಗ ಡಿಸ್ಕ್ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸುವ ನೆಮ್ಮದಿ ಬೇಕು ಅನ್ನುವ ಮ್ಯಾನೇಜ್‌ಮೆಂಟ್‌ಗಳು ಕಮ್ಮಿ ಇಲ್ಲ. ಜೊತೆಗೆ ಸರ್ವರ್ ಈಗಾಗಲೇ ಕೊಂಡು ಇಟ್ಟಿರುತ್ತಾರೆ. ಅಂಥವರಿಗಾಗಿ ಈ ವಿಮರ್ಶೆ.

ಹಳೇ ಕತೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇವತ್ತಿನ ತಲೆನೋವಿನ ಬೇರು ಅಲ್ಲೇ ಇದೆ. ಗೂಗಲ್ 2003ರಲ್ಲಿ ತನ್ನ ಫೈಲ್ ಸಿಸ್ಟಮ್ ಬಗ್ಗೆ, 2004ರಲ್ಲಿ ಕೆಲಸವನ್ನು ಹಲವು ಮೆಷಿನ್‌ಗಳಿಗೆ ಹಂಚಿ ಲೆಕ್ಕ ಮಾಡುವ ಮ್ಯಾಪ್‌ರೆಡ್ಯೂಸ್ ಬಗ್ಗೆ ಪ್ರಬಂಧ ಬಿಟ್ಟಿತು. ಕೋಡ್ ಕೊಡಲಿಲ್ಲ, ಐಡಿಯಾ ಮಾತ್ರ ಕೊಟ್ಟಿತು. ನಚ್ ಅನ್ನುವ ಸರ್ಚ್ ಎಂಜಿನ್ ಕಟ್ಟುತ್ತಿದ್ದ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ಅದನ್ನು ಓದಿಕೊಂಡು ಜಾವಾದಲ್ಲಿ ಬರೆದರು. 2006ರಲ್ಲಿ ಅದು ಹಡೂಪ್ ಆಗಿ ಬೇರೆಯಾಯಿತು. ಕಟಿಂಗ್ ಯಾಹೂ ಸೇರಿದರು, ಯಾಹೂ ಜನ ಮತ್ತು ಮೆಷಿನ್ ಎರಡನ್ನೂ ಸುರಿಯಿತು. ಅದರಲ್ಲಿ ಯಾಹೂದ ಬೆಂಗಳೂರು ಕಚೇರಿಯವರ ಕೈಯೂ ಇತ್ತು, ಇದನ್ನು ನಮ್ಮೂರಿನವರೇ ಮರೆತಿದ್ದಾರೆ. 2008ರ ಜನವರಿಯಲ್ಲಿ ಹಡೂಪ್ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಮನೆಯಾದ ಅಪಾಚೆ ಫೌಂಡೇಷನ್‌ನ ಮೇಲ್ಮಟ್ಟದ ಪ್ರಾಜೆಕ್ಟ್ ಆಯಿತು. ಅದೇ ವರ್ಷ 910 ನೋಡ್‌ಗಳಲ್ಲಿ 1 ಟೆರಾಬೈಟ್ ಡೇಟಾವನ್ನು 209 ಸೆಕೆಂಡಿನಲ್ಲಿ ಸಾರ್ಟ್ ಮಾಡಿ ದಾಖಲೆ ಬರೆಯಿತು.

ಆಮೇಲೆ ಬಂದವು ಕಂಪನಿಗಳು. 2008ರಲ್ಲಿ ಕ್ಲೌಡೇರಾ, 2009ರಲ್ಲಿ ಮ್ಯಾಪ್‌ಆರ್, 2011ರಲ್ಲಿ ಯಾಹೂದಿಂದಲೇ ಹೊರಬಂದ ಹಾರ್ಟನ್‌ವರ್ಕ್ಸ್. ಮೂವರೂ ಮಾರಿದ್ದು ಹಡೂಪನ್ನೇ, ಆದರೆ ಬೀಗ ಹಾಕಿದ ಜಾಗ ಬೇರೆ ಬೇರೆ. ಮ್ಯಾಪ್‌ಆರ್ ಹಡೂಪ್‌ನ ಫೈಲ್ ಸಿಸ್ಟಮ್ ಆದ ಎಚ್‌ಡಿಎಫ್‌ಎಸ್ ತೆಗೆದು ಹಾಕಿ ಸಿ++ನಲ್ಲಿ ತನ್ನದೇ ಫೈಲ್ ಸಿಸ್ಟಮ್ ಬರೆಯಿತು. ತುಂಬಾ ವೇಗ, ಆದರೆ ಅದು ಮುಚ್ಚಿದ ಕೋಡ್. ಕ್ಲೌಡೇರಾ ಒಳಗಿನದ್ದೆಲ್ಲ ತೆರೆದಿಟ್ಟು, ಕ್ಲಸ್ಟರ್ ನಡೆಸುವ ಕ್ಲೌಡೇರಾ ಮ್ಯಾನೇಜರ್ ಥರದ ಟೂಲ್‌ಗಳಿಗೆ ಬೀಗ ಹಾಕಿತು. ಹಾರ್ಟನ್‌ವರ್ಕ್ಸ್ ಮಾತ್ರ ಯಾವುದಕ್ಕೂ ಬೀಗ ಇಲ್ಲ, ಎಲ್ಲ ಅಪಾಚೆ ಲೈಸೆನ್ಸ್, ಸಪೋರ್ಟ್ ಬೇಕಾದರೆ ದುಡ್ಡು ಕೊಡಿ ಅಂದಿತು.

ಬಳಸುವವರಿಗೆ ಮೂರನೆಯದು ಸ್ವರ್ಗ, ಅಲ್ವಾ?

ಎಚ್‌ಡಿಪಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇವತ್ತಿಗೂ ಹೊಸ ಪ್ಲಾಟ್‌ಫಾರಂ ಯಾವುದೇ ಬಂದರೂ ನಾನು ಅದಕ್ಕೇ ಹೋಲಿಸಿ ನೋಡುವುದು. ಇನ್‌ಸ್ಟಾಲ್ ಮಾಡುವುದಕ್ಕೆ ಅಂಬಾರಿ. ಹಡೂಪ್‌ನ ಲಾಂಛನ ಆನೆ, ಆ ಆನೆ ಮೇಲೆ ಕೂರಿಸಿದ ಅಂಬಾರಿ, ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ರೌಸರಿನಲ್ಲಿ ನೋಡ್‌ಗಳ ಹೆಸರು ಕೊಟ್ಟು, ಯಾವ ಸರ್ವೀಸ್ ಎಲ್ಲಿ ಅಂತ ಟಿಕ್ ಮಾಡಿದರೆ ಅದೇ ಏಜೆಂಟ್ ಹಾಕಿ, ಪ್ಯಾಕೇಜ್ ಎಳೆದು, ಕಾನ್ಫಿಗ್ ಬರೆದು, ಸ್ಟಾರ್ಟ್ ಮಾಡುತ್ತಿತ್ತು. ಬ್ಲೂಪ್ರಿಂಟ್ ಬರೆದಿಟ್ಟುಕೊಂಡರೆ ಅದೇ ಕ್ಲಸ್ಟರನ್ನು ಮತ್ತೆ ಇನ್ನೊಂದು ಕಡೆ ಎಬ್ಬಿಸಬಹುದಿತ್ತು. ಬಂದವರು ಯಾರು ಅಂತ ಗುರುತು ಪರೀಕ್ಷಿಸುವ ಕರ್ಬೆರೋಸ್ ಹಾಕುವುದಕ್ಕೂ ಅದರಲ್ಲೇ ವಿಝಾರ್ಡ್ ಇತ್ತು. ಕರ್ಬೆರೋಸನ್ನು ಕೈಯಿಂದ ಹಾಕಿ, ಪ್ರತಿ ಸರ್ವೀಸಿಗೂ ಕೀಟ್ಯಾಬ್ (ಗುಟ್ಟಿನ ಕೀಲಿ ಇರುವ ಫೈಲ್) ಮಾಡಿ, ಸರ್ವರ್‌ಗಳ ಗಡಿಯಾರ ಐದು ನಿಮಿಷ ಹೆಚ್ಚುಕಮ್ಮಿ ಆದರೆ ಎಲ್ಲ ನಿಂತುಹೋಗುವುದನ್ನು ನೋಡಿದವರಿಗೆ ಆ ವಿಝಾರ್ಡಿನ ಬೆಲೆ ಗೊತ್ತು.

ಯಾರಿಗೆ ಯಾವ ಡೇಟಾ ಕಾಣಬೇಕು ಅಂತ ನೋಡಿಕೊಳ್ಳುವ ರೇಂಜರ್ ಇನ್ನೊಂದು ಒಳ್ಳೆಯ ಕೆಲಸ. 2014ರಲ್ಲಿ ಹಾರ್ಟನ್‌ವರ್ಕ್ಸ್ ಎಕ್ಸ್‌ಎ ಸೆಕ್ಯೂರ್ ಅನ್ನುವ ಕಂಪನಿ ಕೊಂಡು, ಅದರ ಮುಚ್ಚಿದ ಕೋಡನ್ನು ತೆರೆದು ಅಪಾಚೆಗೆ ಕೊಟ್ಟಿತು. ಸಾಮಾನ್ಯವಾಗಿ ಕಂಪನಿಗಳು ಉಲ್ಟಾ ಮಾಡುತ್ತವೆ. ಹೈವ್ (ಎಸ್‌ಕ್ಯೂಎಲ್ ಕ್ವೆರಿಗೆ), ಎಚ್‌ಬೇಸ್ (ಡೇಟಾಬೇಸ್), ಕಾಫ್ಕಾ (ಹರಿದು ಬರುವ ಡೇಟಾಗೆ), ಎಚ್‌ಡಿಎಫ್‌ಎಸ್ ಎಲ್ಲದಕ್ಕೂ ಒಂದೇ ಕಡೆ ಪಾಲಿಸಿ. ಈ ಗುಂಪಿನವರಿಗೆ ಪ್ಯಾನ್ ಕಾಲಂ ಮಾಸ್ಕ್ ಮಾಡಿ ತೋರಿಸು, ಆ ಶಾಖೆಯವರಿಗೆ ಅವರ ಶಾಖೆಯ ಸಾಲುಗಳು ಮಾತ್ರ ಕಾಣಲಿ, ಯಾರು ಯಾವಾಗ ಏನು ನೋಡಿದರು ಅಂತ ಆಡಿಟ್ ಇಡು. ಬ್ಯಾಂಕಿಗೆ ಇನ್ನೇನು ಬೇಕು?

ಹಾಗಂತ ಬೈಗುಳ ಇಲ್ಲ ಅಂತಲ್ಲ. 2017ರ ಎಚ್‌ಡಿಪಿ 2.6 ಬಂಗಾರ. 2018ರಲ್ಲಿ ಬಂದ 3.0ರಲ್ಲಿ ಹೈವ್ ತಾನೇ ನೋಡಿಕೊಳ್ಳುವ (ಮ್ಯಾನೇಜ್ಡ್) ಟೇಬಲ್‌ಗಳನ್ನೆಲ್ಲ ಡೀಫಾಲ್ಟಾಗಿ ಟ್ರಾನ್ಸಾಕ್ಷನ್ ಟೇಬಲ್ ಮಾಡಿದರು. ಕೇಳುವುದಕ್ಕೆ ಚೆಂದ. ಆದರೆ ಸ್ಪಾರ್ಕ್‌ಗೆ ಆ ಟೇಬಲ್ ನೇರವಾಗಿ ಓದಲು ಬರುತ್ತಿರಲಿಲ್ಲ, ಎರಡಕ್ಕೂ ಬೇರೆ ಬೇರೆ ಕ್ಯಾಟಲಾಗ್ (ಟೇಬಲ್‌ಗಳ ಪಟ್ಟಿ), ಮಧ್ಯೆ ಹೈವ್ ವೇರ್‌ಹೌಸ್ ಕನೆಕ್ಟರ್ ಅನ್ನುವ ಸೇತುವೆ ಬೇರೆ ಹಾಕಬೇಕು. ನಿನ್ನೆವರೆಗೆ ಒಂದೇ ಸಾಲಿನಲ್ಲಿ ಟೇಬಲ್ ಓದುತ್ತಿದ್ದ ಸ್ಪಾರ್ಕ್ ಜಾಬ್‌ಗಳನ್ನು ಮತ್ತೆ ಬರೆಯಬೇಕಾಯಿತು. ಇದು ಎಚ್‌ಡಿಪಿಯ ಅತಿ ಕೆಟ್ಟ ನಿರ್ಧಾರ ಅಂತ ನನ್ನ ಅಭಿಪ್ರಾಯ. ಅಂಬಾರಿ ಏಜೆಂಟ್ ಪೈಥಾನ್ 2ಕ್ಕೆ ಅಂಟಿಕೊಂಡಿದ್ದು ಇನ್ನೊಂದು. ಅದರಿಂದಲೇ ಎಷ್ಟೋ ಕ್ಲಸ್ಟರ್‌ಗಳು ಸೆಂಟ್‌ಓಎಸ್ 7 ಅನ್ನುವ ಹಳೇ ಲಿನಕ್ಸ್‌ನಲ್ಲೇ ಉಳಿದುಬಿಟ್ಟವು. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಆಯಸ್ಸೂ ಮುಗಿಯಿತು.

ಇನ್ನು ಫಾಲ್ಕನ್. ಇದು ಬೆಂಗಳೂರಿನ ಇನ್‌ಮೊಬಿಯಲ್ಲಿ ಹುಟ್ಟಿದ್ದು, ಡೇಟಾ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ದಿನ ಇರಬೇಕು, ಇನ್ನೊಂದು ಕ್ಲಸ್ಟರಿಗೆ ಯಾವಾಗ ಕಾಪಿ ಆಗಬೇಕು ಅಂತ ಬರೆದಿಟ್ಟು ನಡೆಸುವ ಟೂಲ್. ಅಪಾಚೆಯ ಮೇಲ್ಮಟ್ಟಕ್ಕೆ ಹೋಯಿತು, ಎಚ್‌ಡಿಪಿ ಒಳಗೂ ಕೂತಿತು. ನಮ್ಮೂರಿನ ಕೋಡ್ ಪ್ರಪಂಚದ ಬ್ಯಾಂಕ್‌ಗಳಲ್ಲಿ ಓಡುತ್ತಿತ್ತು. 3.0 ಬಂದಾಗ ಅದನ್ನು ಕಿತ್ತುಹಾಕಿದರು. ಕೆಲವೇ ಸಮಯದಲ್ಲಿ ನಿಂತುಹೋದ ಪ್ರಾಜೆಕ್ಟ್‌ಗಳನ್ನು ಇಡುವ ಅಪಾಚೆಯ ಅಟ್ಟಕ್ಕೂ ಸೇರಿತು. ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಅನ್ನ ಹಾಕುತ್ತಿದ್ದ ಒಂದೆರಡು ಕಂಪನಿಗಳು ಕೈಬಿಟ್ಟರೆ ಲೈಸೆನ್ಸ್ ಎಷ್ಟೇ ಉದಾರವಾಗಿದ್ದರೂ ಅದು ಸಾಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಡ.

ಸರಿ, ಇಷ್ಟು ಚೆನ್ನಾಗಿದ್ದ ಎಚ್‌ಡಿಪಿ ಯಾಕೆ ಹೋಯಿತು? ದುಡ್ಡು. ಎಲ್ಲ ಪುಕ್ಕಟೆ ಇದ್ದಾಗ ಸಪೋರ್ಟ್ ಕೊಳ್ಳುವವರು ಎಷ್ಟು ಜನ? ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಎಚ್‌ಡಿಇನ್‌ಸೈಟ್ ಎಚ್‌ಡಿಪಿ ಮೇಲೆ ಕಟ್ಟಿದ್ದು. ಐಬಿಎಂ ಕೂಡ 2017ರಲ್ಲಿ ತನ್ನ ಡಿಸ್ಟ್ರೋ ಬಿಟ್ಟು ಎಚ್‌ಡಿಪಿ ಮಾರಲು ಒಪ್ಪಿಕೊಂಡಿತು. ಅಷ್ಟೆಲ್ಲ ಹರಡಿದರೂ ಕಂಪನಿ ನಷ್ಟದಲ್ಲೇ ಇತ್ತು. ಅದೇ ಹೊತ್ತಿಗೆ ದೊಡ್ಡ ಗಿರಾಕಿಗಳು ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಎಸ್3 ಕಡೆ ಹೊರಟರು. 2018ರ ಅಕ್ಟೋಬರ್‌ನಲ್ಲಿ ಕ್ಲೌಡೇರಾ ಮತ್ತು ಹಾರ್ಟನ್‌ವರ್ಕ್ಸ್ ಒಂದಾಗುತ್ತೇವೆ ಅಂತ ಘೋಷಿಸಿದವು, 2019ರ ಜನವರಿ 3ಕ್ಕೆ ಆಯಿತು. ಮ್ಯಾಪ್‌ಆರ್ ಅದೇ ವರ್ಷದ ಆಗಸ್ಟ್‌ನಲ್ಲಿ ಎಚ್‌ಪಿಇ ಕಂಪನಿಯ ಪಾಲಾಯಿತು. ಕ್ಲೌಡೇರಾವನ್ನೇ 2021ರಲ್ಲಿ ಕೆಕೆಆರ್ ಮತ್ತು ಸಿಡಿ&ಆರ್ ಅನ್ನುವ ಖಾಸಗಿ ಹೂಡಿಕೆ ಸಂಸ್ಥೆಗಳು 530 ಕೋಟಿ ಡಾಲರ್ ಕೊಟ್ಟು ಕೊಂಡು ಷೇರು ಪೇಟೆಯಿಂದ ಹೊರಗೆ ತಂದವು.

ಈಗ ಮುಖ್ಯ ವಿಷಯ. 2019ರ ಜುಲೈನಲ್ಲಿ ಕ್ಲೌಡೇರಾ ಹೇಳಿತು, ಇನ್ನು ಮುಂದೆ ನಮ್ಮ ಕೋಡ್ ಎಲ್ಲ ಓಪನ್ ಸೋರ್ಸ್, ಕ್ಲೌಡೇರಾ ಮ್ಯಾನೇಜರ್ ಕೂಡ. ಕೇಳಿದವರು ಚಪ್ಪಾಳೆ ಹೊಡೆದರು. ಕೆಳಗಿನ ಸಾಲು ಓದಿದವರು ಕಮ್ಮಿ: ಕೋಡ್ ತೆರೆದಿರುತ್ತದೆ, ಆದರೆ ಕಂಪೈಲ್ ಮಾಡಿದ ಬೈನರಿ ಬೇಕಾದರೆ ಚಂದಾ ಕಟ್ಟಬೇಕು. 2021ರ ಜನವರಿ 31ರಿಂದ ಹಳೆಯ ಸಿಡಿಎಚ್ (ಕ್ಲೌಡೇರಾದ ಹಿಂದಿನ ಡಿಸ್ಟ್ರೋ), ಎಚ್‌ಡಿಪಿ, ಅಂಬಾರಿ ಪ್ಯಾಕೇಜ್‌ಗಳಿಗೂ ಯೂಸರ್‌ನೇಮ್ ಪಾಸ್‌ವರ್ಡ್ ಬೇಕಾಯಿತು. ನೋಡ್ ಸತ್ತು ಹೊಸದು ಸೇರಿಸಲು ಹೋದವರಿಗೆ ಪ್ಯಾಕೇಜ್ ಎಳೆಯುವ ಯಮ್ ಕಮಾಂಡ್ ಎರರ್ ಕೊಟ್ಟಾಗಲೇ ಗೊತ್ತಾಗಿದ್ದು. ಲೋಕಲ್ ಮಿರರ್ ಇಟ್ಟುಕೊಂಡವರು ಬಚಾವ್. ಇಲ್ಲದವರು ಗೆಳೆಯರಿಗೆ ಫೋನ್ ಮಾಡಿ, "ನಿಮ್ಮ ಹತ್ರ ಎಚ್‌ಡಿಪಿ 3.1.4ರ ಟಾರ್ ಫೈಲ್ ಇದೆಯಾ ಸಾರ್" ಅಂತ ಕೇಳುತ್ತಿದ್ದ ಕಾಲ ಅದು.

ಇದು ಕಾನೂನಿನ ಪ್ರಕಾರ ಪೂರ್ತಿ ಸರಿ. ಅಪಾಚೆ ಲೈಸೆನ್ಸ್ ಕೋಡ್ ಬಗ್ಗೆ ಮಾತಾಡುತ್ತದೆ, ಅದನ್ನು ಕಟ್ಟಿ, ಪರೀಕ್ಷೆ ಮಾಡಿ, ಆರ್‌ಪಿಎಂ ಪ್ಯಾಕೇಜ್ ಮಾಡಿ, ಯಾವುದೋ ಸರ್ವರಿನಲ್ಲಿ ಇಟ್ಟು ಪುಕ್ಕಟೆ ಹಂಚಬೇಕು ಅಂತ ಎಲ್ಲೂ ಹೇಳಿಲ್ಲ. ಮದುವೆ ಮನೆಗೆ ಅಕ್ಕಿ ಬೇಳೆ ತರಕಾರಿ ಎಲ್ಲ ಪುಕ್ಕಟೆ ಬಂದರೂ ಸಾವಿರ ಎಲೆ ಹಾಕಿಸಲು ಅಡುಗೆಯವರಿಗೆ ದುಡ್ಡು ಕೊಡಲೇಬೇಕಲ್ಲ, ಹಾಗೆ. ಹತ್ತಾರು ಪ್ರಾಜೆಕ್ಟ್‌ಗಳು, ಒಂದೊಂದಕ್ಕೂ ಬೇರೆ ಜಾವಾ ಲೈಬ್ರರಿ ಆವೃತ್ತಿ, ಹಡೂಪ್ ಬಳಸುವ ಗ್ವಾವಾ ಲೈಬ್ರರಿಯ ಆವೃತ್ತಿ ಒಂದು, ಹೈವ್‌ನದ್ದು ಇನ್ನೊಂದು. ಅವೆಲ್ಲ ಒಟ್ಟಿಗೆ ಜಗಳವಾಡದೆ ಓಡುತ್ತವೆ ಅಂತ ಖಾತ್ರಿ ಮಾಡುವುದೇ ನಿಜವಾದ ಕೆಲಸ. ನಾವು ಹತ್ತು ವರ್ಷ ಓಪನ್ ಸೋರ್ಸ್ ಅಂದುಕೊಂಡು ಬಳಸಿದ್ದು ಆ ಕೆಲಸವನ್ನು. ಹಾಗಾಗಿ ಈಗ ಯಾವ ಪ್ಲಾಟ್‌ಫಾರಂ ನೋಡಿದರೂ ನಾನು ಲೈಸೆನ್ಸ್ ಫೈಲ್ ಆಮೇಲೆ ಓದುತ್ತೇನೆ. ಮೊದಲು ನೋಡುವುದು ಪ್ಯಾಕೇಜ್ ಯಾರು ಕಟ್ಟುತ್ತಾರೆ, ಅವರು ನಿಲ್ಲಿಸಿದರೆ ನಾವು ಕಟ್ಟಬಲ್ಲೆವಾ ಅನ್ನುವುದನ್ನು.

ಸಿಡಿಪಿ ಕಡೆ ಬರೋಣ. ಕ್ಲೌಡ್ ಆವೃತ್ತಿ 2019ರಲ್ಲಿ ಬಂತು, ಸ್ವಂತ ಡೇಟಾ ಸೆಂಟರ್‌ನವರಿಗೆ ಪ್ರೈವೇಟ್ ಕ್ಲೌಡ್ ಬೇಸ್ 2020ರಲ್ಲಿ. ನ್ಯಾಯವಾಗಿ ಹೇಳಬೇಕು, ಎರಡು ಡಿಸ್ಟ್ರೋಗಳ ಮದುವೆಯಲ್ಲಿ ಒಳ್ಳೆಯದನ್ನೇ ಉಳಿಸಿಕೊಂಡಿದ್ದಾರೆ. ಅನುಮತಿ ನೋಡಿಕೊಳ್ಳುವ ಕ್ಲೌಡೇರಾ ಕಡೆಯ ಸೆಂಟ್ರಿ ಹೋಯಿತು, ಹಾರ್ಟನ್‌ವರ್ಕ್ಸ್ ಕಡೆಯ ರೇಂಜರ್, ಡೇಟಾ ಎಲ್ಲಿಂದ ಬಂತು ಅಂತ ಜಾಡು ಇಡುವ ಅಟ್ಲಾಸ್ ಉಳಿದವು. ಅಂಬಾರಿ ಹೋಯಿತು, ಕ್ಲೌಡೇರಾ ಮ್ಯಾನೇಜರ್ ಉಳಿಯಿತು. ಅಂಬಾರಿ ಅಭಿಮಾನಿಗಳಿಗೆ ಬೇಜಾರಾಗಬಹುದು, ಆದರೆ ದೊಡ್ಡ ಕ್ಲಸ್ಟರ್ ನಿಭಾಯಿಸಲು ಕ್ಲೌಡೇರಾ ಮ್ಯಾನೇಜರ್ ಒಂದು ಕೈ ಮೇಲು. ಚಾರ್ಟ್‌ಗಳು ಚೆನ್ನಾಗಿವೆ. ಯಾರು ಯಾವ ಕಾನ್ಫಿಗ್ ಯಾವಾಗ ಬದಲಿಸಿದರು ಅಂತ ಇತಿಹಾಸ ಸಿಗುತ್ತದೆ. ಎಸ್‌ಕ್ಯೂಎಲ್ ಕ್ವೆರಿ ನಡೆಸುವ ಇಂಪಾಲಾ ಚುರುಕು, ಬಿಸಿನೆಸ್ (ಬಿಐ) ರಿಪೋರ್ಟ್‌ಗೆ ಅದೇ ಸಾಕು. ಐಸ್‌ಬರ್ಗ್ ಟೇಬಲ್‌ಗಳಿಗೂ ಬೆಂಬಲ ಬಂದಿದೆ.

ಓಝೋನ್ ಅನ್ನುವ ಹೊಸ ಸ್ಟೋರೇಜ್ ಕೂಡ ಇದೆ, ಅದಕ್ಕೆ ಎರಡು ಮಾತು. ಎಚ್‌ಡಿಎಫ್‌ಎಸ್‌ನ ಹಳೇ ರೋಗ ನೇಮ್‌ನೋಡ್, ಅಂದರೆ ಯಾವ ಫೈಲ್ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುವ ಸರ್ವರ್. ಪ್ರತಿ ಫೈಲ್, ಪ್ರತಿ ಬ್ಲಾಕ್‌ಗೂ ಸುಮಾರು 150 ಬೈಟ್ ಮೆಮೊರಿ ಬೇಕು ಅನ್ನುವುದು ಹಳೆಯ ಲೆಕ್ಕ. 10 ಕೋಟಿ ಸಣ್ಣ ಫೈಲ್, ಒಂದೊಂದಕ್ಕೆ ಒಂದು ಬ್ಲಾಕ್ ಅಂದರೆ 20 ಕೋಟಿ ವಸ್ತುಗಳು, ಅಲ್ಲಿಗೆ 30 ಜಿಬಿ ಹೀಪ್ (ಜಾವಾದ ಮೆಮೊರಿ). ಜಾವಾದ ಕಸ ಗುಡಿಸುವ ವಿರಾಮದಲ್ಲಿ ನೇಮ್‌ನೋಡ್ ಉಸಿರು ಹಿಡಿದುಕೊಂಡರೆ ಇಡೀ ಕ್ಲಸ್ಟರ್ ಕಾಯಬೇಕು. ಓಝೋನ್ ಈ ಮಾಹಿತಿಯನ್ನು ಮೆಮೊರಿಯಲ್ಲೇ ಪೂರ್ತಿ ಇಡದೆ ಡಿಸ್ಕಿನ ಮೇಲಿನ ರಾಕ್ಸ್‌ಡಿಬಿಯಲ್ಲಿ ಇಡುತ್ತದೆ, ಎಸ್3 ಮಾದರಿಯ ಎಪಿಐ ಕೊಡುತ್ತದೆ. ಅಪಾಚೆ ಪ್ರಾಜೆಕ್ಟ್, ಒಂದೇ ಕಂಪನಿಯ ಆಸ್ತಿ ಅಲ್ಲ. ಹೊಸ ಕ್ಲಸ್ಟರಿಗೆ ನೋಡಬಹುದು. ಇರುವ ಎಚ್‌ಡಿಎಫ್‌ಎಸ್ ಕ್ಲಸ್ಟರ್ ಬದಲಿಸುವಷ್ಟು ಅವಸರ ಬೇಡ. ಜಾಗ ಸಾಲದಿದ್ದರೆ ಹಡೂಪ್ 3ರ ಇರೇಷರ್ ಕೋಡಿಂಗ್ ಇದೆ. ಮೂರು ಕಾಪಿ ಇಟ್ಟರೆ 1 ಪೆಟಾಬೈಟ್‌ಗೆ 3 ಬೇಕು, 6 ತುಂಡು ಡೇಟಾಗೆ 3 ತುಂಡು ಪ್ಯಾರಿಟಿ ಸೇರಿಸುವ 6+3 ಕೋಡಿಂಗಿನಲ್ಲಿ 1.5 ಸಾಕು. ಕನಿಷ್ಠ 9 ಡೇಟಾನೋಡ್ ಬೇಕು, ಸಣ್ಣ ಫೈಲ್‌ಗೆ ಉಪಯೋಗವಿಲ್ಲ, ಹಳೇ ತಣ್ಣಗಿನ ಡೇಟಾಗೆ ಮಾತ್ರ ಹಾಕಿ.

ಸಿಡಿಪಿಯ ಸಮಸ್ಯೆ ತಾಂತ್ರಿಕ ಅಲ್ಲ. ನೋಡ್ ಲೆಕ್ಕದ ಚಂದಾ, ಅದರ ಮೇಲೆ ಕೋರ್ ಮತ್ತು ಸ್ಟೋರೇಜ್ ಜಾಸ್ತಿ ಆದರೆ ಅದಕ್ಕೂ ಚಾರ್ಜು. ಎಚ್‌ಡಿಪಿ ಪುಕ್ಕಟೆ ಓಡಿಸುತ್ತಿದ್ದ ಕಂಪನಿಯ ಫೈನಾನ್ಸ್‌ನವರಿಗೆ ಇದನ್ನು ಒಪ್ಪಿಸುವುದು ಎಷ್ಟು ಕಷ್ಟ ಅಂತ ಊಹಿಸಿಕೊಳ್ಳಿ. ಅದಕ್ಕೇ 4 ಕೊಡಲಿಲ್ಲ. ಆದರೂ ಐವತ್ತು ನೂರು ನೋಡ್ ಇದ್ದು, ಅಡ್ಮಿನ್‌ಗಳು ವರ್ಷಕ್ಕೊಮ್ಮೆ ಬದಲಾಗುವ ಕಂಪನಿಗೆ ನಾನು ಇದನ್ನೇ ಹೇಳುವುದು. ಆಡಿಟ್‌ನವರು ಸೆಕ್ಯೂರಿಟಿ ಪ್ಯಾಚ್ ಎಲ್ಲಿ ಅಂತ ಕೇಳಿದಾಗ ತೋರಿಸಲು ಒಂದು ಟಿಕೆಟ್ ನಂಬರ್ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಲೈಬ್ರರಿಯ ಲಾಗ್4ಶೆಲ್ ಅನ್ನುವ ಭದ್ರತಾ ತೂತು ಹೊರಬಂತಲ್ಲ, ಆಗ ಹಡೂಪ್ ತಾನೇ ಹಳೇ ಲಾಗ್4ಜೆ 1 ಬಳಸುತ್ತಿದ್ದರಿಂದ ಆ ಏಟಿನಿಂದ ತಪ್ಪಿಸಿಕೊಂಡಿತು, ಹೈವ್ ಮಾತ್ರ ಲಾಗ್4ಜೆ 2 ಬಳಸುತ್ತಿದ್ದರಿಂದ ಸಿಕ್ಕಿಬಿತ್ತು. ಇಂಥ ವಿವರ ಹುಡುಕುತ್ತಾ ಒಂದೊಂದು ಜಾರ್ ಬಿಚ್ಚಿ ನೋಡುವ ಕೆಲಸ ದುಡ್ಡು ಕೊಟ್ಟು ಬೇರೆಯವರಿಗೆ ಒಪ್ಪಿಸಿದರೆ ತಪ್ಪೇನಿಲ್ಲ.

ದುಡ್ಡು ಕೊಡಲ್ಲ, ಆದರೆ ಹಳೇ ಎಚ್‌ಡಿಪಿ ಥರದ್ದೇ ಬೇಕು ಅನ್ನುವವರಿಗೆ ಅಂಬಾರಿ ಮತ್ತು ಬಿಗ್‌ಟಾಪ್. ಅಂಬಾರಿಯ ಕತೆ ಸಿನಿಮಾದಂತಿದೆ. ನೋಡಿಕೊಳ್ಳುವವರಿಲ್ಲದೆ 2022ರ ಜನವರಿಯಲ್ಲಿ ಅಪಾಚೆ ಅಟ್ಟಕ್ಕೆ ಹೋಯಿತು. ಇನ್ನೂ ಬಳಸುತ್ತಿದ್ದ ಜನ ಎದ್ದು ಬಂದು ಅದೇ ವರ್ಷ ಕೆಳಗಿಳಿಸಿದರು. 2025ರಲ್ಲಿ 3.0 ಬಂತು, ಪೈಥಾನ್ 3, ಹೊಸ ಲಿನಕ್ಸ್‌ಗಳಿಗೆ ಬೆಂಬಲ, ಎಚ್‌ಡಿಪಿ ಪ್ಯಾಕೇಜ್ ಬದಲು ಬಿಗ್‌ಟಾಪ್ ಪ್ಯಾಕೇಜ್. ಬಿಗ್‌ಟಾಪ್ ಅಂದರೆ ಹಡೂಪ್ ಲೋಕದ ಪ್ಯಾಕೇಜ್ ಕಟ್ಟಿ ಪರೀಕ್ಷಿಸುವುದಕ್ಕೆಂದೇ ಇರುವ ಅಪಾಚೆ ಪ್ರಾಜೆಕ್ಟ್. ನಾನು ಮೇಲೆ ಹೇಳಿದ ಅಡುಗೆ ಕೆಲಸವನ್ನು ಇಲ್ಲಿ ಸ್ವಯಂಸೇವಕರು ಮಾಡುತ್ತಾರೆ.

ಇನ್‌ಸ್ಟಾಲ್ ಮಾಡಿ ನೋಡಿದರೆ ಹಳೇ ಮನೆಗೆ ಬಂದ ಹಾಗೆ ಎಲ್ಲ ಕೈಗೆ ಸಿಗುತ್ತದೆ. ಹೈವ್, ಸ್ಪಾರ್ಕ್, ಎಚ್‌ಬೇಸ್, ರೇಂಜರ್ ಎಲ್ಲ ಎದ್ದು ನಿಲ್ಲುತ್ತವೆ. ತೊಂದರೆ ಬರುವುದು ಅಂಚಿನಲ್ಲಿ. ರೇಂಜರ್ ಪ್ಲಗಿನ್ ಒಂದರ ಆವೃತ್ತಿ ಹೊಂದುವುದಿಲ್ಲ, ಡಾಕ್ಯುಮೆಂಟ್ ಅರ್ಧ ಇರುತ್ತದೆ, ಚರ್ಚೆಯ ಬಹುಪಾಲು ಚೀನೀ ಬಳಕೆದಾರರದ್ದು, ಅವರ ಭಾಷೆಯಲ್ಲಿ. ಅನುವಾದ ಹಾಕಿಕೊಂಡು ಓದಬೇಕು, ಓದಿದರೆ ಉತ್ತರ ಇರುತ್ತದೆ. ಇದರ ಮೇಲೆ ಸಪೋರ್ಟ್ ಕೊಡುತ್ತೇವೆ ಅಂತ ಬರುವ ಸಣ್ಣ ಕಂಪನಿಗಳ ಬಗ್ಗೆ ಹುಷಾರು. ಅಂಥ ಒಬ್ಬರ ಜೊತೆ (ಹೆಸರು ಬೇಡ) ಒಪ್ಪಂದ ಮಾಡಿಕೊಂಡು ನೋಡಿದ್ದೇವೆ. ಟೇಬಲ್‌ಗಳ ವಿವರ ಇಡುವ ಹೈವ್ ಮೆಟಾಸ್ಟೋರ್ ಬಿದ್ದರೆ ಟಿಕೆಟ್ ಹಾಕಿದ ಕೂಡಲೇ ಉತ್ತರ ಬರುತ್ತಿತ್ತು, ಅದೊಂದು ಮೆಚ್ಚಬೇಕು. ಉತ್ತರ ಮಾತ್ರ ಯಾವಾಗಲೂ "ದಯವಿಟ್ಟು ಲಾಗ್ ಕಳಿಸಿ". ಲಾಗ್ ಕಳಿಸಿದರೆ "ಡೀಬಗ್ ಹಾಕಿ ಮತ್ತೆ ಕಳಿಸಿ". ಒಪ್ಪಂದ ಮುಗಿಯುವ ತನಕ ಕಳಿಸುತ್ತಲೇ ಇದ್ದೆವು.

ಇದೇ ದಾರಿಯಲ್ಲಿ ಕಂಪನಿ ಬೆಂಬಲ ಇರುವ ಡಿಸ್ಟ್ರೋಗಳೂ ಇವೆ. ಹಳೇ ಹಾರ್ಟನ್‌ವರ್ಕ್ಸ್ ಜನ ಕಟ್ಟಿದ, ಬೆಂಗಳೂರಿನಲ್ಲೂ ಬೇರು ಇರುವ ಆಕ್ಸೆಲ್‌ಡೇಟಾ ಓಡಿಪಿ ಅನ್ನುವ ಡಿಸ್ಟ್ರೋ ಕೊಡುತ್ತದೆ. ಎಚ್‌ಡಿಪಿಯಿಂದ ಬರುವವರಿಗೆ ಪರಿಚಿತ ರೂಪ. ಫ್ರಾನ್ಸ್‌ನಲ್ಲಿ ವಿದ್ಯುತ್ ಕಂಪನಿ ಇಡಿಎಫ್, ತೆರಿಗೆ ಇಲಾಖೆ ಥರದ ಬಳಕೆದಾರರೇ ಸೇರಿ ಟಿಡಿಪಿ ಅನ್ನುವುದನ್ನು ಕಟ್ಟಿಕೊಂಡಿದ್ದಾರೆ. ಬೈನರಿಗೆ ಕ್ಲೌಡೇರಾ ಚಂದಾ ಕೇಳಿದಾಗ ಬೈದು ಸುಮ್ಮನಾಗದೆ, ಕೋಡ್ ಇದೆಯಲ್ಲ, ನಾವೇ ಕಟ್ಟಿಕೊಳ್ಳೋಣ ಅಂತ ಕೂತವರು. ನಮ್ಮಲ್ಲಿ ಸರ್ಕಾರಿ ಬ್ಯಾಂಕ್‌ಗಳು ಅಷ್ಟೊಂದಿವೆ, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಅಗತ್ಯ, ಒಂದೇ ಆಡಿಟ್. ಐದಾರು ಬ್ಯಾಂಕ್ ಸೇರಿ ಹತ್ತು ಎಂಜಿನಿಯರ್‌ಗಳ ಒಂದು ತಂಡ ಇಟ್ಟರೆ ಸಾಕಿತ್ತು. ಟೆಂಡರ್ ಕರೆಯುವುದೇ ಸುಲಭ ಅನ್ನಿಸುತ್ತದೇನೋ.

ಕೊನೆಗೆ ನಾನು 4 ಅಂಕ ಕೊಟ್ಟ ಹೊಸ ದಾರಿ. ಇಲ್ಲಿ ಡಿಸ್ಟ್ರೋ ಅನ್ನುವುದೇ ಇಲ್ಲ. ಲೆಕ್ಕ ಮಾಡಲು ಸ್ಪಾರ್ಕ್, ಕ್ವೆರಿಗೆ ಟ್ರಿನೊ, ಟೇಬಲ್ ರೂಪಕ್ಕೆ ಐಸ್‌ಬರ್ಗ್, ಕೆಳಗೆ ಎಚ್‌ಡಿಎಫ್‌ಎಸ್ ಅಥವಾ ಎಸ್3 ಥರದ ಯಾವುದೋ ಸ್ಟೋರ್. ಬರ್ಕ್‌ಲಿಯಲ್ಲಿ 2009ರಲ್ಲಿ ಶುರುವಾದ ಸ್ಪಾರ್ಕ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 2014ರಲ್ಲಿ 206 ಮೆಷಿನ್‌ಗಳಲ್ಲಿ 100 ಟೆರಾಬೈಟನ್ನು 23 ನಿಮಿಷದಲ್ಲಿ ಸಾರ್ಟ್ ಮಾಡಿತು. ಅದಕ್ಕೆ ಮುಂಚೆ ಹಡೂಪ್ 2100 ಮೆಷಿನ್‌ಗಳಲ್ಲಿ 72 ನಿಮಿಷ ತೆಗೆದುಕೊಂಡಿತ್ತು. ಆಮೇಲೆ ಮ್ಯಾಪ್‌ರೆಡ್ಯೂಸ್ ಬರೆಯುವವರು ಯಾರೂ ಉಳಿಯಲಿಲ್ಲ. ಟ್ರಿನೊ ಫೇಸ್‌ಬುಕ್‌ನಲ್ಲಿ ಪ್ರೆಸ್ಟೊ ಆಗಿ ಹುಟ್ಟಿದ್ದು. ಅದನ್ನು ಬರೆದವರೇ ಹೊರಗೆ ಬಂದು ಬೇರೆ ಕವಲು ತೆಗೆದರು, ಟ್ರೇಡ್‌ಮಾರ್ಕ್ ತಕರಾರಿನಿಂದ 2020ರ ಡಿಸೆಂಬರ್‌ನಲ್ಲಿ ಹೆಸರೂ ಬದಲಿಸಿದರು.

ನಿಜವಾದ ಬದಲಾವಣೆ ಐಸ್‌ಬರ್ಗ್. ನೆಟ್‌ಫ್ಲಿಕ್ಸ್‌ನಲ್ಲಿ ಹುಟ್ಟಿ 2018ರಲ್ಲಿ ಅಪಾಚೆಗೆ ಬಂತು. ಹೈವ್‌ಗೆ ಟೇಬಲ್ ಅಂದರೆ ಒಂದು ಫೋಲ್ಡರ್, ಅದರೊಳಗೆ ಇರುವ ಫೈಲ್ ಎಲ್ಲ ಟೇಬಲ್‌ನದ್ದೇ. ಅರ್ಧ ಬರೆದು ಜಾಬ್ ಸತ್ತರೆ ಓದುವವರಿಗೆ ಅರ್ಧ ಡೇಟಾ ಕಾಣುತ್ತದೆ. ಐಸ್‌ಬರ್ಗ್ ಫೋಲ್ಡರನ್ನು ನಂಬುವುದಿಲ್ಲ, ಯಾವ ಫೈಲ್‌ಗಳು ಟೇಬಲ್‌ನದ್ದು ಅಂತ ಪಟ್ಟಿ ಬರೆದಿಡುತ್ತದೆ. ಪ್ರತಿ ಬರವಣಿಗೆಗೂ ಹೊಸ ಸ್ನ್ಯಾಪ್‌ಶಾಟ್, ಕೊನೆಯಲ್ಲಿ ಒಂದೇ ಒಂದು ಗುರುತು ಬದಲಾಗುತ್ತದೆ. ಬರವಣಿಗೆ ಆಗುವುದಾದರೆ ಪೂರ್ತಿ ಆಯಿತು, ಇಲ್ಲದಿದ್ದರೆ ಏನೂ ಆಗಲಿಲ್ಲ. ನಿನ್ನೆ ಸಂಜೆ ಟೇಬಲ್ ಹೇಗಿತ್ತು ಅಂತ ಕೇಳಬಹುದು. ಕಾಲಂ ಹೆಸರು ಬದಲಿಸಿದರೆ ಹಳೇ ಫೈಲ್ ಮತ್ತೆ ಬರೆಯಬೇಕಿಲ್ಲ, ಒಳಗೆ ಕಾಲಂಗಳಿಗೆ ಐಡಿ ಇರುತ್ತದೆ. ದಿನದ ಪಾರ್ಟಿಷನ್ ಸಾಲದೆ ಗಂಟೆಗೆ ಇಳಿಸಬೇಕಾದರೂ ಹಳೇ ಡೇಟಾ ಮುಟ್ಟಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಸ್ಪಾರ್ಕ್ ಬರೆದ ಟೇಬಲನ್ನು ಟ್ರಿನೊ, ಇಂಪಾಲಾ, ಫ್ಲಿಂಕ್ ಥರದ ಬೇರೆ ಎಂಜಿನ್‌ಗಳೂ ಓದುತ್ತವೆ. ಎಚ್‌ಡಿಪಿ 3ರಲ್ಲಿ ಸ್ಪಾರ್ಕ್‌ಗೂ ಹೈವ್‌ಗೂ ಸೇತುವೆ ಕಟ್ಟಿ ಸುಸ್ತಾದವರಿಗೆ ಇದೊಂದೇ ಸಾಕು. ನಾಳೆ ಟ್ರಿನೊ ಬೇಡ ಅನ್ನಿಸಿದರೆ ಡೇಟಾ ಅಲ್ಲೇ ಇಟ್ಟು ಎಂಜಿನ್ ಮಾತ್ರ ಬದಲಿಸಬಹುದು.

ಸೇಲ್ಸ್‌ನವರು ಹೇಳದ ಭಾಗವೂ ಇದೆ. ಐಸ್‌ಬರ್ಗ್ ಟೇಬಲ್‌ಗೆ ದಿನದ ಚಾಕರಿ ಬೇಕು. ಐದು ನಿಮಿಷಕ್ಕೊಮ್ಮೆ ಸ್ಟ್ರೀಮಿಂಗ್ ಜಾಬ್ ಬರೆದರೆ ಸಣ್ಣ ಫೈಲ್‌ಗಳ ರಾಶಿ ಬೀಳುತ್ತದೆ, ನೇಮ್‌ನೋಡ್ ಕಾಟ ಹಿಂಬಾಗಿಲಿನಿಂದ ವಾಪಸ್. ಅವನ್ನು ಒಟ್ಟು ಮಾಡಿ ದೊಡ್ಡ ಫೈಲ್ ಮಾಡಬೇಕು, ಹಳೇ ಸ್ನ್ಯಾಪ್‌ಶಾಟ್ ತೆಗೆಯಬೇಕು, ಯಾರಿಗೂ ಸೇರದ ಅನಾಥ ಫೈಲ್ ಗುಡಿಸಬೇಕು. ಅನಾಥ ಫೈಲ್ ತೆಗೆಯುವ ಕಮಾಂಡ್ ಡೀಫಾಲ್ಟಾಗಿ 3 ದಿನಕ್ಕಿಂತ ಹಳೆಯದನ್ನು ಮಾತ್ರ ಮುಟ್ಟುತ್ತದೆ. ಜಾಗ ಸಾಲದು ಅಂತ ಅದನ್ನು ಕಮ್ಮಿ ಮಾಡಲು ಹೋಗಬೇಡಿ, ಆಗ ಓಡುತ್ತಿರುವ ಜಾಬ್‌ನ ಫೈಲ್‌ಗಳೇ ಹೋಗುತ್ತವೆ. ಟ್ರಿನೊ ವಿಪರೀತ ವೇಗದಲ್ಲಿ ಬಿಡುಗಡೆ ಆಗುತ್ತದೆ, ದೀರ್ಘಾವಧಿ ಬೆಂಬಲದ ಆವೃತ್ತಿ ಅನ್ನುವುದಿಲ್ಲ, ಜಾವಾ ಕೂಡ ಹೊಸದೇ ಬೇಕು ಅನ್ನುತ್ತದೆ. ಜಾವಾ 8ರಲ್ಲಿ ನೆಮ್ಮದಿಯಾಗಿ ಕೂತ ಹಡೂಪ್ ಅಡ್ಮಿನ್‌ಗೆ ಇದು ಸಣ್ಣ ಆಘಾತ. ಸೆಕ್ಯೂರಿಟಿ ಕೂಡ ಅಲ್ಲಲ್ಲಿ ತೂತು. ಟ್ರಿನೊ ಒಳಗೇ ಈಗ ರೇಂಜರ್ ಜೋಡಣೆ ಇದೆ, ಸರಿ. ಆದರೆ ಸ್ಪಾರ್ಕ್ ನೇರವಾಗಿ ಟೇಬಲ್‌ನ ಒಳಗಿನ ಪಾರ್ಕೆ ಫೈಲ್ ಓದಿಬಿಟ್ಟರೆ ಕಾಲಂ ಮಾಸ್ಕ್ ಎಲ್ಲಿಂದ ಬಂತು? ಅದಕ್ಕೆ ಕ್ಯೂಬಿ ಥರದ ಗೇಟ್‌ವೇ ಮಧ್ಯೆ ಕೂರಿಸಿ, ಫೈಲ್ ಅನುಮತಿ ಬಿಗಿ ಮಾಡಬೇಕು.

ಕ್ಯಾಟಲಾಗ್ ವಿಷಯದಲ್ಲಿ ಈಗ ಯುದ್ಧ ನಡೆಯುತ್ತಿದೆ. 2024ರ ಜೂನ್‌ನಲ್ಲಿ ಡೇಟಾಬ್ರಿಕ್ಸ್ ಐಸ್‌ಬರ್ಗ್ ಹುಟ್ಟುಹಾಕಿದವರ ಕಂಪನಿ ಟ್ಯಾಬ್ಯುಲರ್ ಕೊಂಡಿತು, ಅದೇ ತಿಂಗಳು ತನ್ನ ಯೂನಿಟಿ ಕ್ಯಾಟಲಾಗ್ ತೆರೆಯಿತು. ಸ್ನೋಫ್ಲೇಕ್ ತನ್ನ ಕ್ಯಾಟಲಾಗ್ ಪೊಲಾರಿಸ್ ತೆರೆದು ಅಪಾಚೆಗೆ ಕೊಟ್ಟಿತು. ಸ್ವಂತ ಡೇಟಾ ಸೆಂಟರ್‌ನವರು ಇದರಲ್ಲಿ ಪಕ್ಷ ಹಿಡಿಯುವ ಅಗತ್ಯ ಇಲ್ಲ. ಹಳೇ ಹೈವ್ ಮೆಟಾಸ್ಟೋರ್ ಇನ್ನೂ ಎಲ್ಲದರ ಜೊತೆ ಮಾತಾಡುತ್ತದೆ, ಸದ್ಯಕ್ಕೆ ಅದೇ ಸಾಕು.

ಸ್ಟೋರೇಜ್‌ಗೆ ಎಲ್ಲರೂ ಎಸ್3 ಥರದ ಮಿನಿಯೊ ಹಾಕಿ ಅನ್ನುತ್ತಿದ್ದರು. ಹಗುರ, ಚುರುಕು, ಇನ್‌ಸ್ಟಾಲ್ ಮಾಡುವುದು ಅಷ್ಟು ಸುಲಭ. 2021ರಲ್ಲಿ ಲೈಸೆನ್ಸ್ ಷರತ್ತು ಬಿಗಿಯಾದ ಎಜಿಪಿಎಲ್‌ಗೆ ಬದಲಾಯಿತು. 2025ರಲ್ಲಿ ಪುಕ್ಕಟೆ ಆವೃತ್ತಿಯ ವೆಬ್ ಕನ್ಸೋಲ್‌ನಿಂದ ಅಡ್ಮಿನ್ ಕೆಲಸಗಳನ್ನು ತೆಗೆದರು, ಅದೇ ವರ್ಷ ತಯಾರು ಬೈನರಿ ಹಂಚುವುದನ್ನೂ ನಿಲ್ಲಿಸಿದರು. ಕೋಡ್ ಇದೆ, ನೀವೇ ಕಟ್ಟಿಕೊಳ್ಳಿ ಅಂದರು. ಕ್ಲೌಡೇರಾದ 2021ರ ಜನವರಿ 31 ನೋಡಿದವರಿಗೆ ಈ ಸಿನಿಮಾದ ಕತೆ ಮೊದಲೇ ಗೊತ್ತಿತ್ತು. ಇದೇ ಕಾರಣಕ್ಕೆ ಎಚ್‌ಡಿಎಫ್‌ಎಸ್ ಇರುವವರು ಅದನ್ನು ಕಿತ್ತುಹಾಕಬೇಡಿ ಅನ್ನುತ್ತೇನೆ. ಅದು ಬೇಜಾರಿನ ಸಾಫ್ಟ್‌ವೇರ್, ಆದರೆ ಒಬ್ಬನೇ ಮಾಲೀಕ ಇಲ್ಲ.

ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್ ಬಗ್ಗೆ ಚಿಕ್ಕದಾಗಿ: ಸ್ಪಾರ್ಕ್ 3.1ರಿಂದ, ಅಂದರೆ 2021ರಿಂದ, ಅದರ ಮೇಲೆ ಓಡಿಸುವುದು ಅಧಿಕೃತ. ನಿಮ್ಮಲ್ಲಿ ಈಗಾಗಲೇ ಕುಬರ್ನೆಟೀಸ್ ತಂಡ ಇದ್ದರೆ ಹೋಗಿ. ಡೇಟಾ ಇದ್ದಲ್ಲೇ ಲೆಕ್ಕ ಮಾಡುವ ಹಳೇ ಅನುಕೂಲ ಹೋಗುತ್ತದೆ, ಹಾಗಾಗಿ ರ‍್ಯಾಕ್‌ಗಳ ಮಧ್ಯೆ ನೆಟ್‌ವರ್ಕ್ 25 ಗಿಗಾಬಿಟ್‌ಗಿಂತ ಕಮ್ಮಿ ಇದ್ದರೆ ಹಡೂಪ್‌ನದ್ದೇ ಕೆಲಸ ಹಂಚುವ ವ್ಯವಸ್ಥೆ ಯಾರ್ನ್‌ನಲ್ಲೇ ಇರಿ.

ಇಷ್ಟೆಲ್ಲ ಓದಿ ನಿಮ್ಮ ಡೇಟಾ ಎರಡು ಮೂರು ಟೆರಾಬೈಟ್ ಮಾತ್ರ ಅಂತ ನೆನಪಾದರೆ, ಮೇಲಿನ ಯಾವುದೂ ಬೇಡ. ಪೋಸ್ಟ್‌ಗ್ರೆಸ್, ಡಕ್‌ಡಿಬಿ ಥರದ ಡೇಟಾಬೇಸ್ ಇವೆ, ಒಂದು ದೊಡ್ಡ ಸರ್ವರ್ ಸಾಕು. ನಾಲ್ಕು ನೋಡ್‌ನ ಹಡೂಪ್ ಕ್ಲಸ್ಟರ್ ನೋಡಿದಾಗಲೆಲ್ಲ ಯಾರೋ ಕನ್ಸಲ್ಟೆಂಟ್‌ಗೆ ಒಳ್ಳೆಯ ಸಂಬಳ ಸಿಕ್ಕಿದೆ ಅಂದುಕೊಳ್ಳುತ್ತೇನೆ.

ಇನ್ನೊಂದು, ಈ ವರ್ಷವೇ ಅಪ್‌ಗ್ರೇಡ್ ಯೋಚನೆ ಇರುವವರಿಗೆ. ಹಳೇ ಕ್ಲಸ್ಟರ್ ಪಕ್ಕದಲ್ಲಿ ಕಾಫ್ಕಾ ಇದ್ದೇ ಇರುತ್ತದೆ, ಅದರ ಸರ್ವರ್‌ಗಳನ್ನು ಹೊಂದಿಸುವ ಝೂಕೀಪರ್ ಜೊತೆ. 2025ರ ಮಾರ್ಚ್‌ನಲ್ಲಿ ಬಂದ ಕಾಫ್ಕಾ 4.0 ಝೂಕೀಪರನ್ನು ಪೂರ್ತಿ ತೆಗೆದುಹಾಕಿದೆ. ನೇರವಾಗಿ ಹಾರಲು ಆಗುವುದಿಲ್ಲ, ಮೊದಲು 3.9ರಲ್ಲಿ ನಿಂತು ಝೂಕೀಪರ್ ಬದಲಿಗೆ ಬಂದ ಕ್ರಾಫ್ಟ್‌ಗೆ ಬದಲಿಸಿಕೊಂಡು ಆಮೇಲೆ 4ಕ್ಕೆ ಹೋಗಬೇಕು. ಉಳಿದ ಪ್ಲಾಟ್‌ಫಾರಂ ಯಾವುದೇ ಆರಿಸಿದರೂ ಈ ಕೆಲಸ ತಪ್ಪುವುದಿಲ್ಲ, ಅದನ್ನು ಮೊದಲು ಮುಗಿಸಿಕೊಳ್ಳಿ.